ಉರಿಯಿಲ್ಲದ ಬಿಸಿ

ಹಳೇ ಚೀಲ ಕೈಗೆ ಹಗುರ, ಹೊಸದು ಭಾರ. ಕಣ್ಣು ಮುಚ್ಚಿ ಎತ್ತಿದರೂ ಶೋಭಿತಾಳ ಅಂಗೈಗೆ ಗೊತ್ತಾಗುತ್ತಿತ್ತು. ಆದರೂ ಒಂದೊಂದನ್ನೂ ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೆ ಕಾದು, ಎರಡು ಹೊಸದು ಎರಡು ಹಳೇದು ಎಂದು ರಟ್ಟಿನ ಪೆಟ್ಟಿಗೆಯ ತಳಕ್ಕೆ ಹಾಸಿದಳು. ನಾಲ್ಕಕ್ಕೂ ಒಂದೇ ಹಸಿರು ಹೊದಿಕೆ, ಒಂದೇ ಚೀಟಿ: ‘ಸುರಕ್ಷಿತ. ಅನಿಲರಹಿತ.’ ಇವುಗಳ ಮೇಲೆ ನಾಲ್ಕು ಟ್ರೇ ಕೂರಬೇಕು. ಅನ್ನ, ರಾಜ್ಮಾ, ಆಲೂಗೆಡ್ಡೆ ಪಲ್ಯ, ಹಲ್ವ. ಹದಿನೆಂಟು ಸೈನಿಕರ ಒಂದು ಹೊತ್ತಿನ ಊಟ. ಒಲೆ ಹಚ್ಚುವಂತಿಲ್ಲದ ಕಡೆ, ಹೊಗೆ ಎದ್ದರೆ ಗುಂಡು ಬರುವ ಕಡೆ, ಚೀಲಗಳ ಮೇಲೆ ಉಪ್ಪುನೀರು ಸುರಿದು ಮುಚ್ಚಳ ಹಾಕಿದರೆ ಊಟ ತಾನಾಗಿ ಬಿಸಿಯಾಗುತ್ತದೆ. ಹಳೇ ಚೀಲದೊಳಗೆ ಮೆಗ್ನೀಸಿಯಂ ಪುಡಿ ಮತ್ತು ಕಬ್ಬಿಣದ ಪುಡಿ. ನೀರು ಬಿದ್ದ ಕೂಡಲೇ ಮೈಮೇಲೆ ಬಂದ ಹಾಗೆ ಕುದಿಯುತ್ತದೆ, ಕುದಿಯುತ್ತ ಜಲಜನಕ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಂದು ಕಿಡಿ ಸಿಕ್ಕರೆ ಸಾಕು. ಹೊಸ ಚೀಲದೊಳಗೆ ಸುಟ್ಟ ಸುಣ್ಣ. ಅದು ಬಿಸಿಯನ್ನು ಬಿಟ್ಟರೆ ಬೇರೇನನ್ನೂ ಬಿಡುವುದಿಲ್ಲ. ಆದರೆ ನಿಧಾನ. “ಎರಡು ಹಳೇದು ಸೇರಿಸಿಬಿಡಿ ಶೋಭಿತಾ,” ಎಂದು ಅರ್ಧ ಗಂಟೆ ಹಿಂದೆ ಪ್ರಯೋಗಾಲಯದ ಪ್ರಧಾನ ವಿಜ್ಞಾನಿ ಪ್ರದ್ಯುಮ್ನ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ. “ಬರೀ ಸುಣ್ಣದ್ದಿಟ್ಟರೆ ನಲವತ್ತು ನಿಮಿಷ. ಟ್ರಯಲ್ ನೋಡೋಕೆ ಬರೋ ಕರ್ನಲ್ ಸಾಹೇಬರು ಆಕಳಿಸ್ತಾರೆ. ಇವತ್ತೊಂದು ದಿನ ಅಷ್ಟೇ. ಅಪ್ರೂವಲ್ ಬಂದ ಮೇಲೆ ಸರಿ ಮಾಡೋಣ.” ಅವಳು ಹೂಂ ಎಂದಿದ್ದಳು. ಅವಳು ಹೂಂ ಅನ್ನುತ್ತಾಳೆ ಎಂದು ಗೊತ್ತಿದ್ದುದರಿಂದಲೇ ಅವನು ಒಳಗೆ ಕೂಡ ಬಂದಿರಲಿಲ್ಲ.

ಸುಣ್ಣ ಅವಳದ್ದು. ಅದನ್ನು ಹೀಗೆ, ಮನಸ್ಸಿನೊಳಗೆ, ‘ನನ್ನದು’ ಎಂದುಕೊಳ್ಳುವಾಗಲೂ ಯಾರಾದರೂ ಕೇಳಿಸಿಕೊಂಡಾರೆಂದು ಅವಳಿಗೆ ನಾಚಿಕೆ. ಹಿರೀಸಾವೆಯಲ್ಲಿ ಅಜ್ಜಿ ಸಣ್ಣಕ್ಕ ಹಬ್ಬದ ಮುಂಚೆ ಮೇಲಿನ ಕೇರಿಯವರ ಗೋಡೆಗಳಿಗೆ ಸುಣ್ಣ ಬಳಿಯಲು ಹೋಗುತ್ತಿದ್ದಳು. ಹಿಂದಿನ ದಿನವೇ ಹಿತ್ತಲಲ್ಲಿ ಗುಡಾಣ ಇಟ್ಟು ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಅದು ಗೊಳಗೊಳನೆ ಕುದಿಯತೊಡಗುವುದು, ಒಲೆಯಿಲ್ಲ, ಸೌದೆಯಿಲ್ಲ. ಅಜ್ಜಿ ಒಂದು ಕೋಳಿಮೊಟ್ಟೆಯನ್ನು ಬಾಳೆಎಲೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಹಾಕಿ, ಗುಡಾಣದೊಳಗೆ ಇಳಿಬಿಡುವಳು. “ಮುಟ್ಟಬ್ಯಾಡ ಕಣ್ಮಗ, ಚರ್ಮ ಎದ್ದೋಗ್ತದೆ. ಬೆಂಕಿಗಾದ್ರೆ ನಾಲಿಗೆ ಕಾಣ್ತದೆ, ಇದ್ಕೆ ಕಾಣಕಿಲ್ಲ.” ಆ ಮೊಟ್ಟೆಯನ್ನು ಉಪ್ಪು ಹಚ್ಚಿ ತಿಂದ ರುಚಿ ಎಂ.ಎಸ್ಸಿ. ಓದುವಾಗ ಒಂದು ಸಮೀಕರಣದ ಮಧ್ಯೆ ಅವಳ ನಾಲಿಗೆಗೆ ಬಂದಿತ್ತು. ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ, ಎರಡು ರಾತ್ರಿ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಪ್ರದ್ಯುಮ್ನನಿಗೆ ಹೇಳಿದಳು: ಸರ್, ಸುಣ್ಣ ಹಾಕಿ ನೋಡಬಹುದಲ್ಲ. ಅವನು ನಕ್ಕ. ಕೆಟ್ಟದಾಗಿಯೂ ನಗಲಿಲ್ಲ, ಪ್ರೀತಿಯಿಂದ ಎಂಬಂತೆ ನಕ್ಕು, “ಏನ್ರೀ, ಮಿಸೈಲ್ ಕಾಲದಲ್ಲಿ ಸುಣ್ಣ ಬಳಿಯೋರ ಬುದ್ಧಿ ತಂದಿದೀರಲ್ಲ” ಎಂದ. ಟೇಬಲ್ಲಿನ ಸುತ್ತ ಇದ್ದ ನಾಲ್ವರೂ ನಕ್ಕರು. ಅವಳೂ ನಕ್ಕಳು. ಅವನಿಗೆ ಅವಳ ಅಜ್ಜಿಯ ವಿಷಯ ಗೊತ್ತಿತ್ತೋ, ಬಾಯಿಗೆ ಬಂದದ್ದು ಅಂದನೋ? ಐದು ತಿಂಗಳಾದ ಮೇಲೆ ದೆಹಲಿಗೆ ಹೋದ ವರದಿಯಲ್ಲಿ ಸುಣ್ಣ ಇತ್ತು. ಅವಳ ಹೆಸರು ಇರಲಿಲ್ಲ.

ಕ್ಯಾಂಟೀನಿನ ಅಡುಗೆಕೆಲಸದ ಮುದ್ದಮ್ಮ ಟ್ರೇಗಳನ್ನು ಒರೆಸಿ ತಂದಿಟ್ಟಳು. ಇವತ್ತು ಅವಳು ಮೊಣಕೈ ದಾಟಿದ ತೋಳಿನ ಹೊಸ ರವಿಕೆ ತೊಟ್ಟಿದ್ದಳು. ಸೆರಗನ್ನು ಎಡಗೈ ಮೇಲೆ ಎಳೆದು ಪಿನ್ನು ಹಾಕಿದ್ದಳು. “ನೋಡವ್ವ, ಮದುವಣಗಿತ್ತಿ ಆಗಿವ್ನಿ. ಸಾಹೇಬ್ರು ದುಡ್ಡು ಕೊಟ್ಟು ರವ್ಕೆ ಒಲಿಸವ್ರೆ. ಕೈ ಕಾಣ್ಬಾರ್ದಂತೆ, ಬಂದೋರು ಊಟ ಬುಡ್ತಾರಂತೆ.” ನಕ್ಕಳು. ಶೋಭಿತಾ ಅವಳ ಮುಖ ನೋಡದೆ ಟ್ರೇ ಎಣಿಸಿದಳು, ನಾಲ್ಕನ್ನೇ ಎರಡು ಸಲ. ರವಿಕೆಯೊಳಗಿನ ತೋಳು ಅವಳಿಗೆ ಗೊತ್ತು, ಕಾಸಿದ ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಮಣಿಕಟ್ಟಿನಿಂದ ಮೊಣಕೈವರೆಗೆ. ಎಂಟು ತಿಂಗಳ ಹಿಂದೆ, ಪೆಟ್ಟಿಗೆಗಳನ್ನು ಪರೀಕ್ಷಿಸುವ ಟ್ರಯಲ್ ರೂಮಿಗೆ ಬಣ್ಣ ಹೊಡೆಯುತ್ತಿದ್ದರು. ಒಂದು ದಿನ ತಾನೆ, ಅಡುಗೆಮನೆಯಲ್ಲಿ ಮಾಡಿ ಎಂದು ಪ್ರದ್ಯುಮ್ನ ಪೆಟ್ಟಿಗೆಯನ್ನು ಕ್ಯಾಂಟೀನಿಗೆ ಸಾಗಿಸಿದ. ಅದೆಲ್ಲ ಹಳೇ ಚೀಲ. ಚೀಟಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಕನ್ನಡದಲ್ಲೂ ಒಂದು ಸಾಲು ಹಾಕೋಣ ಸರ್ ಎಂದು ಶೋಭಿತಾ ಬರೆದುಕೊಟ್ಟದ್ದನ್ನು, “ಸೈನ್ಯದವರಿಗೆ ಕನ್ನಡ ಯಾಕ್ರೀ” ಎಂದು ಹೊಡೆದುಹಾಕಿದ್ದ. ಮುದ್ದಮ್ಮ ಎಂದಿನ ಹಾಗೆ ಹತ್ತೂವರೆಗೆ ಟೀಗೆ ಒಲೆ ಹಚ್ಚಿದಳು. ಶೋಭಿತಾ ಬಾಗಿಲಲ್ಲಿದ್ದಳು. ಭುಪ್ ಎಂದಿತು, ಅಷ್ಟೆ. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಗಾಳಿಯೇ ಒಂದು ಸಲ ನೀಲಿಯಾಗಿ ಉಸಿರು ಬಿಟ್ಟಂತೆ. ಆಮೇಲೆ ಮುದ್ದಮ್ಮ ತನ್ನ ಕೈಯನ್ನು ಬೇರೆ ಯಾರದ್ದೋ ಎಂಬಂತೆ ದೂರ ಹಿಡಿದುಕೊಂಡು ನಿಂತಿದ್ದಳು.

ಮೂರನೇ ದಿನ ಕಾಗದ ಬಂತು. ‘ಸದರಿ ಕೆಲಸಗಾರ್ತಿಯು ಮೌಖಿಕ ಸೂಚನೆಯನ್ನು ಮೀರಿ ಒಲೆ ಹಚ್ಚಿದ್ದರಿಂದ.’ ಕಂಡವರು: ಶೋಭಿತಾ ಜಿ., ಕಿರಿಯ ರಸಾಯನ ಸಹಾಯಕಿ. “ನಿಮ್ಮ ಪ್ರೊಬೇಷನ್ ಮುಗಿಯೋಕೆ ಇನ್ನು ಆರು ವಾರ ಅಲ್ವಾ,” ಎಂದು ಪ್ರದ್ಯುಮ್ನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಿದ್ದ. ಮುಚ್ಚಳ ತೆಗೆದೇ ಕೊಟ್ಟಿದ್ದ, ಅದು ಅವಳಿಗೆ ನೆನಪಿದೆ, ಅವಳಿಗೆ ಅಷ್ಟೂ ಶ್ರಮ ಬೇಡವೆಂಬಂತೆ. ಸೂಚನೆಯನ್ನು ಯಾರೂ ಕೊಟ್ಟಿರಲಿಲ್ಲ. ಅವಳು ಸಹಿ ಹಾಕಿದಳು. ಸಂಜೆ ಮನೆಗೆ ಹೋದಾಗ ಅಪ್ಪ ಗಂಗಯ್ಯ ಬುದ್ಧನ ಪಟದ ಕೆಳಗೆ ಕೂತು ಪೇಪರ್ ಓದುತ್ತಿದ್ದ. “ಹೆಂಗದೆ ಕೆಲಸ?” ಎಂದ. ಚೆನ್ನಾಗಿದೆ ಎಂದಳು. ಆವತ್ತಿನಿಂದ ಮುದ್ದಮ್ಮ ಶಾಂತಿಗ್ರಾಮದಲ್ಲಿ ಇಳಿಯುವವರೆಗೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುವುದು ಅವಳಿಗೆ ಒಂದು ಶಿಕ್ಷೆ. ಇವಳಿಗೆ ಗೊತ್ತಿದೆಯೋ ಇಲ್ಲವೋ? ಓದು ಬಾರದವಳು. ಯಾರಾದರೂ ಓದಿ ಹೇಳಿದ್ದರೆ? ಮುದ್ದಮ್ಮ ಮಾತ್ರ ಎಂದಿನಂತೆ ಮಡಿಲಿನಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದಳು. ಬಲಗೈಯಿಂದ. ಎಡಗೈ ಬೆರಳುಗಳು ಮಡಚುತ್ತಿರಲಿಲ್ಲ.

ಸಹಿ ಹಾಕಿದ ಪಾಪ ತನಗೆ ಹಗುರವಾಗಬೇಕಾದರೆ ಅವನ ಪಾಪ ದೊಡ್ಡದಾಗಬೇಕಿತ್ತು. ಅದಕ್ಕೆಂದೇ ಅವಳು ಅವನ ಮೇಲೆ ದ್ವೇಷವನ್ನು ದಿನವೂ ಸ್ವಲ್ಪ ಸ್ವಲ್ಪ ಕೂಡಿಹಾಕಿದಳು. ಅವನು ಊಟದ ಡಬ್ಬಿಯ ಮುಚ್ಚಳ ಮೂಸಿ ನೋಡುವ ರೀತಿ. ‘ಶೋಭಿತಾ’ ಎನ್ನುವಾಗ ‘ಭಿ’ಯನ್ನು ತುಸು ಹೆಚ್ಚೇ ಸ್ಪಷ್ಟವಾಗಿ ಉಚ್ಚರಿಸುವುದು. ಟ್ರಯಲ್ ಮುಗಿದ ಊಟವನ್ನು ಎಲ್ಲರೂ ರುಚಿ ನೋಡಿದರೂ ಅವನು ಮಾತ್ರ ನೋಡದೆ ಇರುವುದು. ಹೊಳೆನರಸೀಪುರದ ಅವನ ಮನೆಗೆ ಮಗಳು ಸಂಹಿತಾಳ ಹುಟ್ಟುಹಬ್ಬಕ್ಕೆ ಎಲ್ಲರನ್ನೂ ಕರೆದಿದ್ದ. ಬಸ್ಸು ತಪ್ಪಿ ಇವಳು ತಡವಾಗಿ ಹೋದಳು. ಅವನ ತಾಯಿ ಶ್ರೀರಂಗಮ್ಮ ಬಾಗಿಲಿಗೇ ಬಂದು, “ಬಾಮ್ಮ, ಬಾ. ಎಷ್ಟು ಸಣ್ಣಗಿದ್ದೀಯ. ಯಾವ ಕಡೆಯವರು?” ಎಂದು ಕೇಳಿ, ಹಿರೀಸಾವೆ ಎಂದಾಗ, “ಹಿರೀಸಾವೇಲಿ ಯಾವ ಬೀದಿ?” ಎಂದು ಕೇಳಿ, ಒಳಗೆ ಹೋಗಿ ಕಾಫಿ ತಂದರು. ಉಳಿದವರ ಕೈಯಲ್ಲಿ ಸ್ಟೀಲ್ ಲೋಟ, ಇವಳಿಗೆ ಕಾಗದದ ಕಪ್ಪು. ಲೋಟ ಸಾಲದೆ ಬಂದವೋ ಏನೋ. ಇಪ್ಪತ್ತು ಜನ ಇದ್ದರಲ್ಲ. ಕಾಫಿ ಚೆನ್ನಾಗಿತ್ತು, ಸಕ್ಕರೆ ಸಾಕಾಯ್ತಾ ಎಂದು ಆಕೆ ನಿಜವಾದ ಅಕ್ಕರೆಯಿಂದ ಕೇಳಿದ್ದರು. ಅವಮಾನ ಎಂದು ಖಚಿತವಾಗಿದ್ದರೆ ಎದ್ದು ಬರಬಹುದಿತ್ತು. ಖಚಿತವಾಗದ್ದರಿಂದ ಅವಳು ಅದನ್ನು ಕುಡಿದಳು, ಕಪ್ಪನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು, ಎರಡು ದಿನ ಇಟ್ಟುಕೊಂಡು ಎಸೆದಳು. ಅವನ ಮುಖ ಸುಡುವುದನ್ನು ಅವಳು ಬಸ್ಸಿನ ಕಿಟಕಿಯಲ್ಲಿ ಎಷ್ಟೋ ಸಲ ನೋಡಿದ್ದಾಳೆ. ಮೀಸೆ ಮೊದಲು ಚುರುಗುಟ್ಟುತ್ತದೆ. ಆಮೇಲೆ ಹುಬ್ಬು. ಅಷ್ಟರಲ್ಲಿ ಶಾಂತಿಗ್ರಾಮ ಬರುತ್ತದೆ.

ಹನ್ನೊಂದಕ್ಕೆ ಸೈನ್ಯದವರು ಬಂದರು, ಒಬ್ಬ ಕರ್ನಲ್, ಇಬ್ಬರು ಅಧಿಕಾರಿಗಳು, ಗೌರೀಶ ಎಂಬ ಸುಬೇದಾರ. ಪರದೆಯ ಮೇಲೆ ಚಿತ್ರ ತೋರಿಸಬೇಕೆಂದು ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದು ಏಸಿ ಹಾಕಿದ್ದರು. ಬಾಗಿಲಲ್ಲಿ ಒಬ್ಬ ಬುಟ್ಟಿ ಹಿಡಿದು ನಿಂತಿದ್ದ, ಎಲ್ಲರ ಮೊಬೈಲು, ಲೈಟರು, ಬೆಂಕಿಪೊಟ್ಟಣ ಅದರೊಳಗೆ ಬಿದ್ದವು. ಸುರಕ್ಷತೆಯ ಪಟ್ಟಿಯನ್ನು ಪ್ರದ್ಯುಮ್ನನೇ ಮಾಡಿದ್ದ, ಹದಿನಾಲ್ಕು ಅಂಶ. ಕ್ಯಾಂಟೀನಿನ ಗ್ಯಾಸ್ ಕೂಡ ಬಂದ್. ಸುಬೇದಾರ ತನ್ನ ಬೀಡಿಕಟ್ಟನ್ನು ಬುಟ್ಟಿಗೆ ಹಾಕುತ್ತ ಶೋಭಿತಾಳ ಕೊರಳಿನ ಬ್ಯಾಡ್ಜ್ ಓದಿ, “ಕನ್ನಡದೋರಾ? ನಮ್ದು ಅರಕಲಗೂಡು ಕಣವ್ವ. ಇಪ್ಪತ್ತೆರಡು ವರ್ಸ ಆಯ್ತು ಬರೀ ಅಚ್ಚಾ ಜೀ, ಟೀಕ್ ಹೈ ಜೀ ಅಂತ. ಈ ಪೆಟ್ಗೇಲಿ ಮುದ್ದೆ ಬಿಸಿ ಆಗ್ತದಾ?” ಎಂದ. ಅವಳು ನಗಲು ಹೋಗಿ ತಲೆ ಮಾತ್ರ ಆಡಿಸಿದಳು. ಆಗ ಒಳಗಿನಿಂದ ಹಿತ್ತಾಳೆಯ ದೀಪಸ್ತಂಭ ಬಂತು. ಐದು ಬತ್ತಿ, ಬುಡಕ್ಕೆ ಸೇವಂತಿಗೆ. ಯಾವ ಸಭೆಯಾದರೂ ಹೀಗೇ ಶುರುವಾಗುವುದು. ಕರ್ನಲ್ ಬೂಟು ಕಳಚಿ, ಮೇಣದಬತ್ತಿ ಹಿಡಿದು ಒಂದೊಂದೇ ಹಚ್ಚಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಣದಬತ್ತಿಯನ್ನು ಆರಿಸಿ ಬೆಂಕಿಪೊಟ್ಟಣವನ್ನು ಮರೆಯದೆ ಬುಟ್ಟಿಗೆ ಹಾಕಲಾಯಿತು. ದೀಪ ಉರಿಯುತ್ತಲೇ ಉಳಿಯಿತು.

ಅವಳಿಗೆ ಮೊದಲು ನಗು ಬಂತು. ಪಟ್ಟಿಯ ಹದಿನಾಲ್ಕು ಅಂಶಗಳನ್ನು ಮನಸ್ಸಿನಲ್ಲೇ ಓದಿದಳು, ಒಲೆ, ಲೈಟರು, ಸಿಗರೇಟು, ಸ್ವಿಚ್ಚು, ಚಾರ್ಜರು. ದೀಪವನ್ನು ಬೆಂಕಿಯ ಲೆಕ್ಕಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಅದು ದೇವರ ಕಡೆಯದು. ಹಚ್ಚಿದ ಮೇಲೆ ತಾನಾಗಿ ಶಾಂತವಾಗುವವರೆಗೆ ಅದರ ಕಡೆ ಯಾರೂ ನೋಡುವುದಿಲ್ಲ. ಪೆಟ್ಟಿಗೆಯ ಮೇಜು ಆರಡಿ ಆಚೆಗಿತ್ತು. ಆದರೆ ಫೋಟೊ ತೆಗೆಯುವವನು ಬಂದು, ದೀಪ ಮತ್ತು ಪೆಟ್ಟಿಗೆ ಒಂದೇ ಚಿತ್ರದಲ್ಲಿ ಬರಬೇಕೆಂದು ಹೇಳಿದ. ಸ್ತಂಭವನ್ನು ಎತ್ತಿ ಮೇಜಿನ ಅಂಚಿಗೇ ತಂದಿಟ್ಟರು. ಪೆಟ್ಟಿಗೆಯಿಂದ ಒಂದು ಮೊಳ. ಬರೀ ಸುಣ್ಣವಾಗಿದ್ದರೆ ಹತ್ತು ದೀಪ ಇಡಬಹುದಿತ್ತು. ಎರಡು ಹಳೆಯ ಚೀಲಗಳಿವೆ. ಅದು ಗೊತ್ತಿರುವವರು ಇಬ್ಬರು. ಅದರಲ್ಲಿ ಒಬ್ಬ ಮೈಕು ಹಿಡಿದು, “ಜಗತ್ತಿನಲ್ಲೇ ಅತಿ ಸುರಕ್ಷಿತ” ಎಂದು ಶುರುಮಾಡಿದ್ದಾನೆ. ಮುಚ್ಚಳ ತೆರೆಯುವವನು ಅವನೇ. ನಿನ್ನೆ ಮೂರು ಸಲ ಅಭ್ಯಾಸ ಮಾಡಿದ್ದ, ತೆರೆಯುತ್ತ ಮುಖ ತುಸು ಮುಂದೆ ಬಾಗಿಸಿ, ಆವಿಯನ್ನು ಮೂಸಿ, ಆಹಾ ಎನ್ನುವುದು.

ಅವಳು ಏನೂ ಮಾಡಬೇಕಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಎಲ್ಲರೂ ಹೊಗಳಿದ್ದನ್ನೇ ಮಾಡಿದರೆ ಸಾಕಿತ್ತು. ‘ಹುಡುಗಿ ಬಾಯಿ ಅಂದ್ರೆ ಬಾಯಿಲ್ಲ, ಬಂಗಾರ’ ಎಂದು ಪಿ.ಯು. ಕಾಲೇಜಿನ ಮೇಡಂ, ಬೀದಿಯವರು, ಇಲ್ಲಿಗೆ ಸೇರಿದ ಮೇಲೆ ಪ್ರದ್ಯುಮ್ನ ಕೂಡ. ಉಪ್ಪುನೀರಿನ ನಾಲ್ಕು ಬಾಟಲಿಗಳನ್ನು ಅವಳೇ ಸುರಿದು ಮುಚ್ಚಳ ಹಾಕಿದಳು. ಐದನೆಯದನ್ನು, ಹೆಚ್ಚುವರಿ ಎಂದು ತಂದದ್ದನ್ನು, ಹಿಡಿದುಕೊಂಡೇ ಗೋಡೆಗೆ ಆತು ನಿಂತಳು. ಪೆಟ್ಟಿಗೆ ಗುರುಗುಟ್ಟತೊಡಗಿತು. ಹಳೇ ಚೀಲದ ಸದ್ದು ಅದು, ಹೊಸದರ ಸದ್ದು ಅದಲ್ಲ. ತನ್ನ ಕಿವಿಗೆ ಮಾತ್ರ ಗೊತ್ತಾಗುವ ಸದ್ದೆಂದು ಒಂದು ಬಗೆಯ ಹೆಮ್ಮೆಯಾಯಿತು. ಐದು ನಿಮಿಷ. ಹತ್ತು. ಗಡಿಯಾರದ ಕೆಳಗೆ ಕೂತ ಪ್ರದ್ಯುಮ್ನನ ಮೀಸೆಯನ್ನು ನೋಡಿದಳು. ಈಗ ಪೆಟ್ಟಿಗೆಯೊಳಗೆ ಜಲಜನಕ ಅಕ್ಕಿಯ ಡಬ್ಬದಲ್ಲಿ ಹುಳು ತುಂಬುವ ಹಾಗೆ ತುಂಬುತ್ತಿದೆ, ರಟ್ಟಿನ ಅಂಚಿನಲ್ಲಿ ಜಿನುಗುತ್ತಿದೆ. ಮುಚ್ಚಳ ಎತ್ತಿದರೆ ಒಮ್ಮೆಗೇ. ಸಾಯುವುದಿಲ್ಲ, ಮುದ್ದಮ್ಮ ಸತ್ತಳೇ? ಕಾಗದದಲ್ಲಿ ಏನು ಬರೆಯುತ್ತಾರೆ, ‘ಸದರಿ ಪ್ರಧಾನ ವಿಜ್ಞಾನಿಯು’ ಎಂದೋ? ಕಂಡವರು ಯಾರು? ಪೆನ್ನಿನ ಮುಚ್ಚಳ ಯಾರು ತೆಗೆದುಕೊಡುತ್ತಾರೆ? ದೀಪದ ಒಂದು ಕುಡಿ ಏಸಿಯ ಗಾಳಿಗೆ ಪೆಟ್ಟಿಗೆಯ ಕಡೆ ವಾಲಿ ಮತ್ತೆ ನೆಟ್ಟಗಾಯಿತು. ಆ ಕ್ಷಣ ಅವಳಿಗೆ ಬೇರೆ ಯಾರ ನೆನಪೂ ಬರಲಿಲ್ಲ. ಸಣ್ಣಕ್ಕನದ್ದಿಲ್ಲ, ಅಪ್ಪನದ್ದಿಲ್ಲ, ಅಪ್ಪ ದಿನವೂ ಎರಡು ಹೊತ್ತು ಕೈಮುಗಿಯುವ ಆ ಶಾಂತ ಮುಖದ್ದಂತೂ ಇಲ್ಲ. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗುತ್ತಿತ್ತು.

ಹದಿನೆಂಟನೇ ನಿಮಿಷಕ್ಕೆ ಪ್ರದ್ಯುಮ್ನ ಎದ್ದ. ಪಂಚೆ ಉಟ್ಟವರ ಹಾಗೆ ಪ್ಯಾಂಟನ್ನು ಎರಡೂ ಕೈಯಿಂದ ಸರಿಮಾಡಿಕೊಂಡ. ಮೇಜಿನ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲಿಗೆ ನಿಂತುಬಿಟ್ಟ. ಏನೋ ಹೊಸದು ಹೊಳೆದವನಂತೆ ಮೈಕಿನಲ್ಲಿ, ಹಿಂದಿಯಲ್ಲಿ, ಇದನ್ನು ಬಳಸಲು ವಿಜ್ಞಾನಿ ಬೇಕಾಗಿಲ್ಲ ಸರ್ ಎಂದ. ಅಕ್ಷರ ಬಾರದವರೂ ಬಳಸಬಹುದು ಸರ್. ನಮ್ಮಲ್ಲಿ ಅಡುಗೆಮನೆ ಕೆಲಸದ ಒಬ್ಬ ಹೆಂಗಸಿದ್ದಾಳೆ, ಅವಳೇ ತೆರೆಯಲಿ. “ಮುದ್ದಮ್ಮ, ಬಾಮ್ಮ ಇಲ್ಲಿ. ಹೆದ್ರಬೇಡ. ಮುಚ್ಚಳ ತೆಗಿ, ಸಾಹೇಬರಿಗೆ ನಮಸ್ಕಾರ ಮಾಡು, ಅಷ್ಟೇ.”

ಚಪ್ಪಾಳೆ. ಬಾಗಿಲ ಬಳಿ ಮೊಗ್ಗಿನ ತಟ್ಟೆ ಹಿಡಿದು ನಿಂತಿದ್ದ ಮುದ್ದಮ್ಮ ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡಳು. ಶೋಭಿತಾ ಬಾಯಿ ತೆರೆದಳು. ಒಣಗಿದ ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ದನಿ ಹೋಗಿ ತಗುಲಿ ಬರಿದೇ ಬಂತು. ಮುದ್ದಮ್ಮ ನಡೆದು ಬರುತ್ತಿದ್ದಳು. ದೀಪದ ಕಡೆ ನೋಡಿದಳು, ಪೆಟ್ಟಿಗೆಯ ಕಡೆ ನೋಡಿದಳು. ಎಡಗೈ ಬಾರದೆಂದು ಬಲಗೈಯನ್ನು ಮುಚ್ಚಳದ ಅಂಚಿಗೆ ಚಾಚಿದಳು. ಶೋಭಿತಾ ಮೂರು ಹೆಜ್ಜೆಯಲ್ಲಿ ಅಲ್ಲಿದ್ದಳು. ಬಾಟಲಿಯ ಉಪ್ಪುನೀರನ್ನು ಉರಿಯುವ ಐದು ಬತ್ತಿಗಳ ಮೇಲೆ ಒಮ್ಮೆಗೇ ಸುರಿದುಬಿಟ್ಟಳು. ಎಣ್ಣೆ ಚಟಪಟ ಸಿಡಿದು, ಕಮಟು ಹೊಗೆ ಎದ್ದು, ದೀಪ ಆರಿತು.

ಇಡೀ ಸಭಾಂಗಣದ ಬಾಯಿಂದ ಒಂದೇ ಸದ್ದು ಬಂತು, ಅಯ್ಯೋ ಎಂದು. ಬೆಂಕಿ ಬಿದ್ದಿದ್ದರೂ ಅಷ್ಟು ಜೋರಾಗಿ ಬರುತ್ತಿರಲಿಲ್ಲವೇನೊ. ಮೂಲೆಯಿಂದ ಯಾರೋ, “ದೀಪ ಆರಿಸ್ಬಿಟ್ಳಲ್ರೀ!” ಎಂದರು. ಪ್ರದ್ಯುಮ್ನನ ಮುಖ ಬೂದಿಯಾಗಿತ್ತು. “ತಲೆ ಕೆಟ್ಟಿದೆಯೇನ್ರೀ? ಏನು ಅಪಶಕುನ ಇದು! ನಿಮ್ಮೋರಿಗೆ ದೀಪ ಅಂದ್ರೆ ಏನಂತ—” ಎಂದವನು ಅಲ್ಲಿಗೆ ನಿಲ್ಲಿಸಿದ. ‘ನಿಮ್ಮೋರಿಗೆ’ ಎಂಬುದು ಮೈಕಿನಲ್ಲಿ ಹೋಗಿತ್ತು. ಅವಳಿಗೆ ಒಂದು ರೀತಿಯ ಸಮಾಧಾನವೇ ಆಯಿತು. ಕಾಗದದ ಕಪ್ಪಿನ ವಿಷಯ ಈಗ ಖಚಿತವಾಯಿತು.

“ಯಾಕವ್ವ?” ಎಂದ ಸುಬೇದಾರ ಗೌರೀಶ. ಅವನೊಬ್ಬ ಮಾತ್ರ ಗಾಬರಿಯಾಗದೆ ಪೆಟ್ಟಿಗೆಯನ್ನು ನೋಡುತ್ತಿದ್ದ. ಅವಳು ಅವನಿಗೆ ಹೇಳಿದಳು, ಅವನೊಬ್ಬನಿಗೇ ಎಂಬಂತೆ, ನೆಲ ನೋಡಿಕೊಂಡು. “ಇದು ಹೊತ್ತಿಕೊಳ್ಳುತ್ತೆ ಸಾ. ನಾಲ್ಕರಲ್ಲಿ ಎರಡು ಹಳೇ ಚೀಲ ಇವೆ. ನಾನೇ ಇಟ್ಟೆ, ಬೆಳಿಗ್ಗೆ. ಇವರು ಹೇಳಿದ್ರು, ನಾನು ಇಟ್ಟೆ. ಎಂಟು ತಿಂಗಳ ಹಿಂದೆ ಹೊತ್ತಿಕೊಂಡಿತ್ತು. ಈಕೆ ಕೈ ಸುಟ್ಟಿದ್ದು ಅದರಿಂದ. ಒಲೆ ಹಚ್ಚಬೇಡ ಅಂತ ಈಕೆಗೆ ಯಾರೂ ಹೇಳಿರ್ಲಿಲ್ಲ. ಹೇಳಿದ್ವಿ ಅಂತ ಸುಳ್ಳು ಸಹಿ ಹಾಕಿದೋಳು ನಾನು.” ದನಿ ಎಷ್ಟು ಸಣ್ಣಗಿತ್ತೆಂದರೆ ಸುಬೇದಾರ ಬಾಗಿ ಕೇಳಿಸಿಕೊಂಡು, ನೆಟ್ಟಗೆ ನಿಂತು, ಕರ್ನಲ್ಲರಿಗೆ ಹಿಂದಿಯಲ್ಲಿ ಗಟ್ಟಿಯಾಗಿ ಹೇಳಬೇಕಾಯಿತು. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ, ಬೇರೆ ಭಾಷೆಯಲ್ಲಿ, ಅಷ್ಟು ದೊಡ್ಡದಾಗಿ ಕೇಳಿದಾಗ ಅವಳಿಗೆ ಅದು ನಿಜವೆನಿಸಿತು.

ಅವಳು ಹೇಳುತ್ತಿರುವುದು ಸುಳ್ಳು, ಹೊಟ್ಟೆಕಿಚ್ಚು, ಬಡ್ತಿ ಸಿಗಲಿಲ್ಲವೆಂಬ ಸಿಟ್ಟು ಎಂದೆಲ್ಲ ಪ್ರದ್ಯುಮ್ನ ಹೇಳಿದ. ಕರ್ನಲ್ ಸುಬೇದಾರನಿಗೆ ಸನ್ನೆ ಮಾಡಿದರು. ಸುಬೇದಾರ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಸಿ ಅಂಗಳದ ನಡುವೆ ಇಡಿಸಿದ. ಎಲ್ಲರನ್ನೂ ಹಿಂದಕ್ಕೆ ಸರಿಸಿ, ಉದ್ದನೆಯ ಬಿದಿರು ಗಳುವಿನ ತುದಿಗೆ ಚಿಂದಿ ಸುತ್ತಿ ಹೊತ್ತಿಸಿ, ಇನ್ನೊಂದು ಗಳುವಿನಿಂದ ಮುಚ್ಚಳ ಮೀಟಿದ. ಭುಪ್. ರಟ್ಟಿನ ಮುಚ್ಚಳ ತೆಂಗಿನ ಮರದೆತ್ತರ ಹಾರಿ, ಉರಿಯುತ್ತ, ನಿಧಾನವಾಗಿ ತಿರುಗುತ್ತ ಕೆಳಗೆ ಬಂತು. ಹಲ್ವದ ವಾಸನೆ ಬಂತು, ಚೆನ್ನಾಗಿತ್ತು. “ಮೇಲ್ಗಡೆ ಗಡಿ ಬೆಟ್ಟದಲ್ಲಿ ನಮ್ದು ಸಣ್ಣ ಟೆಂಟು,” ಎಂದ ಸುಬೇದಾರ ಬುಟ್ಟಿಯಿಂದ ತನ್ನ ಬೀಡಿಕಟ್ಟು ಹುಡುಕಿಕೊಳ್ಳುತ್ತ, ಯಾರಿಗೆಂದಿಲ್ಲದೆ. “ಚಳೀಗೆ ಎಲ್ಲಾ ಮುಚ್ಕಂಡಿರ್ತೀವಿ. ಹದಿನೆಂಟು ಜನ ಸುತ್ತಾ ಕೂತಿರ್ತೀವಿ, ಮುಚ್ಳ ತೆಗ್ಯದ್ನೇ ಕಾಯ್ಕಂಡು. ಅದ್ರಾಗೊಬ್ಬ ಬೀಡಿ ಕಚ್ಚೇ ಇರ್ತಾನೆ. ಹೆಚ್ಚಿನಂಶ ನಾನೇ.” ಹದಿನೆಂಟು ಎಂಬುದು ಶೋಭಿತಾಳಿಗೆ ಈವರೆಗೆ ಟ್ರೇಯ ಅಳತೆಯಾಗಿತ್ತು. ಬೆಳಿಗ್ಗೆ ತಕ್ಕಡಿಯ ಮುಂದೆ ನಿಂತಾಗ, ಆಮೇಲೆ ಗೋಡೆಗೆ ಆತು ನಿಂತಾಗ, ಅವಳು ಕಂಡದ್ದು ಒಂದೇ ಒಂದು ಮುಖ.

ಜೀಪು ಹೋದ ಮೇಲೆ ಕಾರಿಡಾರಿನಲ್ಲಿ ಪ್ರದ್ಯುಮ್ನ ಎದುರಾದ. ಕೂಗಲಿಲ್ಲ. ಸುಸ್ತಾದವನಂತೆ ಗೋಡೆಗೆ ಕೈ ಊರಿ, “ಗೆದ್ದೆ ಅಂದ್ಕೋಬೇಡಿ ಶೋಭಿತಾ,” ಎಂದ. “ಪ್ಯಾಕ್ ಮಾಡಿದ್ದು ನಿಮ್ಮ ಕೈ. ಸಹಿ ನಿಮ್ಮದು. ನನ್ನ ಜೊತೆ ನೀವೂ ಹೋಗ್ತೀರ.” ಗೊತ್ತು ಸರ್ ಎಂದಳು. ಅವನ ಮೀಸೆ ಹಾಗೇ ಇತ್ತು, ಒಂದೆಳೆಯೂ ಕೊಂಕದೆ. ಅದನ್ನು ನೋಡಿ ತನಗಿನ್ನೂ ನಿರಾಸೆಯಾಗುತ್ತಿದೆ ಎಂಬುದು ಅವಳಿಗೆ ಹೊಳೆಯಿತು. ಅದನ್ನು ಅವಳು ಅಲ್ಲಗಳೆಯಲೂ ಇಲ್ಲ.

ಹಿರೀಸಾವೆಗೆ ಹೋಗುವ ಬಸ್ಸು ಅರ್ಧ ಖಾಲಿಯಿತ್ತು. ಮುದ್ದಮ್ಮ ಎಂದಿನಂತೆ ಪಕ್ಕದಲ್ಲೇ ಬಂದು ಕೂತಳು. ಸೆರಗಿನ ಪಿನ್ನು ಕಿತ್ತು, ಹೊಸ ರವಿಕೆಯ ತೋಳನ್ನು ಮೇಲಕ್ಕೆ ಮಡಚಿ, ಸುಟ್ಟ ಕೈಯನ್ನು ಕಿಟಕಿಯ ಗಾಳಿಗೆ ಹಿಡಿದಳು. ಬಸ್ಸು ಹಾಸನ ದಾಟಿತು. ಇವಳು ಈಗ ಕೈ ಹಿಡಿದುಕೊಳ್ಳುತ್ತಾಳೆ, ಬದುಕಿಸಿದೆ ಕಣವ್ವ ಎನ್ನುತ್ತಾಳೆ, ಅದನ್ನು ಹೇಗೆ ತಡೆದುಕೊಳ್ಳುವುದು ಎಂದು ಶೋಭಿತಾ ಹಲ್ಲು ಕಚ್ಚಿ ಕೂತಿದ್ದಳು.

“ಅವ್ನೇ ಮುಚ್ಳ ತೆಗ್ದಿದ್ರೆ ನೀರು ಉಯ್ತಿದ್ಯಾ?” ಎಂದಳು ಮುದ್ದಮ್ಮ.

“ಇಲ್ಲ.”

“ಊಂ. ಅಂಗೇ ಅಂದ್ಕಂಡೆ.” ಕೈಯನ್ನು ಕಿಟಕಿಯಿಂದ ಒಳಗೆಳೆದುಕೊಂಡಳು. “ನೀನು ಸಯ್ ಆಕಿದ್ದು ನಂಗೆ ಆವತ್ತೇ ಗೊತ್ತು. ಆಫೀಸ್ನೋರೇ ಓದಿ ಯೋಳಿದ್ರು.”

ಶೋಭಿತಾ ಕಣ್ಣು ಮುಚ್ಚಿದಳು. “ಮತ್ತೆ ಯಾಕೆ ದಿನಾ ನನ್ನ ಪಕ್ಕದಲ್ಲೇ ಕೂರ್ತಿದ್ದೆ?”

“ಕುಂತ್ರೆ ನಿಂಗೆ ಉರೀತದೆ ಅಂತ.” ಅದರಲ್ಲಿ ಸಿಟ್ಟಿರಲಿಲ್ಲ, ಟಿಕೆಟ್ಟಿನ ದರ ಹೇಳಿದ ಹಾಗಿತ್ತು. “ಎಂಟು ತಿಂಗ್ಳು ಕಡ್ಲೆ ತಿನ್ಸಿದ್ದೂ ಅದ್ಕೇಯ.”

ಬಸ್ಸು ಕುಲುಕಿತು. ಕಂಡಕ್ಟರ್ ಬಂದು ಚೀಟಿ ಹರಿದುಕೊಟ್ಟು ಹೋದ. ಮುದ್ದಮ್ಮ ಅದನ್ನು ಬಲಗೈಯಲ್ಲಿ ಸುರುಳಿ ಸುತ್ತುತ್ತ ಹೇಳಿದಳು: “ನಾನೇನು ಕುಲ್ಡಿಯಾ? ಒಂದ್ಸಲ ಸುಟ್ಕಂಡೋಳು ದೀಪ ನೋಡ್ದೆ ಇರ್ತೀನಾ? ತಂದು ಪಕ್ಕಕ್ಕೆ ಮಡಗ್ದಾಗ್ಲೇ ನೋಡ್ದೆ. ಆ ಪೆಟ್ಗೆ ಗೊರಗೊರ ಅನ್ನೋದು ಕೇಳ್ದಾಗ ಅಳೇದೇ ಅಂತ ಗೊತ್ತಾಯ್ತು, ಈ ಸದ್ದು ನನ್ನ ಕೈಗೆ ಗೊತ್ತು. ಅವ್ನು ಕರ್ದ. ಓಗ್ಲಿ ಇನ್ನೊಂದು ಕೈನೂ ಅಂತ ನಡ್ದೆ.”

“ಗೊತ್ತಿದ್ದೂ ಹೋದ್ಯಾ?”

“ಆವತ್ತು ನೋಡ್ದೋಳು ನೀನೊಬ್ಳೇ. ನೀನೇ ಸಯ್ ಆಕ್ದೆ. ಇವತ್ತು ಕರ್ನಲ್ಲು, ಫೋಟೊದೋನು, ಊರೇ ನೋಡದಿತ್ತು. ಅವ್ನೇ ಕರ್ದ ಬಾಯಲ್ಲೇ, ಮೈಕ್ನಲ್ಲೇ ಕರ್ದವ್ನೆ. ಅದನ್ನ ಯಾವ ಕಾಗದದಲ್ಲಿ ಯೆಂಗ್ ಬರೀತಿದ್ದ ನೋಡವ ಅಂತ ಬಂದೆ ಕಣವ್ವ. ಮಧ್ಯದಲ್ಲಿ ನೀನು ಬಂದು ನೀರು ಉಯ್ದೆ.”

ಶಾಂತಿಗ್ರಾಮ ಬಂದಿತ್ತು. ಮುದ್ದಮ್ಮ ಎದ್ದು, ಸೀಟಿನ ಕಂಬಿ ಹಿಡಿದು, ಇಳಿಯುವವರ ಹಿಂದೆ ನಿಂತಳು. ಮೆಟ್ಟಿಲಲ್ಲಿ ಒಮ್ಮೆ ತಿರುಗಿದಳು. “ಇವತ್ತು ಅಷ್ಟು ಜನರ ಮುಂದೆ ಅಂದ್ಯಲ್ಲ, ಯಾರೂ ಯೋಳಿರ್ಲಿಲ್ಲ ಅಂತ. ಆ ಮಾತ್ನ ನನ್ನ ಅಟ್ಟಿಗೆ ಬಂದು ಇನ್ನೊಂದು ಕಿತ ಅನ್ನು. ನನ್ನ ಗಂಡ, ಸೊಸೆ ಎಲ್ರೂ ಕುಂತಿರ್ವಾಗ. ಎಂಟು ತಿಂಗ್ಳಿಂದ ಅವರೂವೆ ನಂದೇ ತಪ್ಪು ಅಂತಾವ್ರೆ.”

“ಯಾವಾಗ ಬರ್ಲಿ?”

ಬಾಗಿಲು ಹಿಡಿದಿದ್ದ ಕಂಡಕ್ಟರ್, “ಇಳಿಯೋದಾದ್ರೆ ಇಳೀರಮ್ಮ, ರೈಟ್ ಯೋಳ್ಲಾ?” ಎಂದ. ಶೋಭಿತಾಳ ಚೀಟಿ ಹಿರೀಸಾವೆಯವರೆಗಿನದು. ಅವಳು ಎದ್ದಳು. ಅಲ್ಲಿ ಹೋಗಿ ಮೊದಲ ಮಾತು ಹೇಗೆ ಶುರುಮಾಡುವುದೆಂದು ಹೊಳೆಯದೆ, ಮುಂದೆ ಕಾಯದೆ ನಡೆದುಬಿಟ್ಟಿದ್ದ ಮುದ್ದಮ್ಮನ ಬೆನ್ನು ನೋಡುತ್ತ, ಕೆಳಗಿಳಿದಳು.